ನೀರು ಬೆರೆಸದ ಗೊಬ್ಬರ

ನಮ್ಮ ಬಾಲ್ಕನಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕ್ಯಾನು ಇದೆ. ಐದು ಲೀಟರಿನದು, ಈಗ ಖಾಲಿ. ಅದರ ಮೇಲೊಂದು ಹಸುವಿನ ಚಿತ್ರ. ಹಸು ನಗುತ್ತಿದೆ. ನಾನು ಹುಟ್ಟಿದ ಮನೆಯ ಕೊಟ್ಟಿಗೆಯಲ್ಲಿ ಏಳು ಹಸುಗಳಿದ್ದವು, ಒಂದೂ ನಕ್ಕಿದ್ದನ್ನು ನಾನು ಕಂಡಿಲ್ಲ. ತನ್ನ ಗಂಜಲವನ್ನು ಕ್ಯಾನಿಗೆ ತುಂಬಿ, ಚೀಟಿ ಅಂಟಿಸಿ, ಓದಿದ ಜನರಿಗೆ ಮಾರುತ್ತಾರೆಂದು ತಿಳಿದ ಮೇಲೆ ಅದಕ್ಕೂ ನಗು ಬಂದಿರಬೇಕು. ಈ ಕ್ಯಾನನ್ನು ಎಸೆಯಿರಿ ಅಂತ ನನ್ನ ಹೆಂಡತಿ ಪದ್ಮಾ ವಾರಕ್ಕೊಮ್ಮೆ ಹೇಳುತ್ತಾಳೆ. ಎಸೆಯಲೆಂದು ಕೈಗೆತ್ತಿಕೊಂಡಾಗಲೆಲ್ಲ ನಾನು ಅದರ ಬೆನ್ನ ಮೇಲಿನ ಚೀಟಿಯನ್ನು ಓದುತ್ತಾ ನಿಂತುಬಿಡುತ್ತೇನೆ. ಅದನ್ನು ಮೊದಲೇ ಓದಿದ್ದರೆ ನಾನು ಈಗ ನಿಮ್ಮ ಮುಂದೆ ಕೂತು ಇದನ್ನೆಲ್ಲ ಹೇಳಿಕೊಳ್ಳಬೇಕಾಗಿ ಬರುತ್ತಿರಲಿಲ್ಲ.

ಚೀಟಿಯಲ್ಲಿ ಅಂಥದ್ದೇನಿದೆ ಅಂತೀರಾ? ಚೆನ್ನಾಗಿ ಕುಲುಕಿ ಅಂತಿದೆ. ಒಂದು ಪಾಲಿಗೆ ಐವತ್ತು ಪಾಲು ನೀರು ಬೆರೆಸಿ ಅಂತಿದೆ. ಬಿಸಿಲಲ್ಲಿ ಹಾಕಬೇಡಿ, ಎಲೆಯ ಮೇಲೆ ಸುರಿಯಬೇಡಿ, ಸೀಲು ಒಡೆದ ಮೇಲೆ ಮುಚ್ಚಳ ಬಿಗಿಯಬೇಡಿ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರ ಇಡಿ. ಇಷ್ಟನ್ನೂ ಇರುವೆಯ ತಲೆಯಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದಾರೆ. ದೊಡ್ಡ ಅಕ್ಷರದಲ್ಲಿರುವುದು ಒಂದೇ ಮಾತು: ನೂರಕ್ಕೆ ನೂರು ಸಾವಯವ. ನಮ್ಮ ಜನಕ್ಕೆ ಅಷ್ಟು ಸಾಕು. ಸಾವಯವ ಅಂದರೆ ತೀರ್ಥದ ಹಾಗೆ, ಎಷ್ಟು ತೆಗೆದುಕೊಂಡರೂ ಪುಣ್ಯವೇ ಎಂದು ತಿಳಿದವರು ನಾವು. ಹಾವಿನ ವಿಷವೂ ಸಾವಯವವೇ ಅಲ್ಲವೇ ಎಂದು ಕೇಳುವ ಬುದ್ಧಿ ಆಗ ನನಗೂ ಇರಲಿಲ್ಲ.

ನಾವಿರುವುದು ಬಾಗಲಗುಂಟೆಯಲ್ಲಿ, ಹೆಸರಘಟ್ಟ ರಸ್ತೆಯಿಂದ ಸ್ವಲ್ಪ ಒಳಗೆ. ಅಪಾರ್ಟ್‌ಮೆಂಟಿನ ಹೆಸರು ಹೇಳುವುದಿಲ್ಲ. ಆ ಹೆಸರಿನಲ್ಲಿ ಒಂದು ಕಾಡೂ ಒಂದು ಸರೋವರವೂ ಇವೆ, ಜಾಗದಲ್ಲಿ ಎರಡೂ ಇಲ್ಲ. ಇದ್ದದ್ದು ನಮ್ಮ ರಾಗಿ ಹೊಲ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಾವು ಮಕ್ಕಳೂ ಸೇರಿ ಅದನ್ನು ಬಿಲ್ಡರಿಗೆ ಒಪ್ಪಿಸಿದೆವು, ಬದಲಿಗೆ ಫ್ಲಾಟುಗಳು ಬಂದವು. ಹೀಗಾಗಿ ನಾನು ಈಗಲೂ ಮಲಗುವುದು ನಮ್ಮ ಹೊಲದ ಮೇಲೆಯೇ, ನಾಲ್ಕು ಮಹಡಿ ಎತ್ತರದಲ್ಲಿ. ನಮ್ಮ ತಿಪ್ಪೆ ಇದ್ದ ಕಡೆ ಲಾನ್ ಬಂದಿದೆ. ಅಪ್ಪನ ನೇಗಿಲಿಗೆ ವಾರ್ನಿಷ್ ಹೊಡೆದು ಲಾಬಿಯ ಗೋಡೆಗೆ ನೇತುಹಾಕಿ ಮೇಲೊಂದು ಪುಟ್ಟ ದೀಪ ಬಿಟ್ಟಿದ್ದಾರೆ. ಬದುಕಿದ್ದಾಗ ಅಪ್ಪನ ಮೇಲೆ ಅಷ್ಟು ಬೆಳಕು ಯಾವತ್ತೂ ಬಿದ್ದಿರಲಿಲ್ಲ.

ಲಾನ್ ಹಾಕಲು ಬಂದವನು ಅದನ್ನು ಬರ್ಮುಡಾ ಹುಲ್ಲು ಅಂದ. ಹೊರದೇಶದ ತಳಿ, ಗಾಲ್ಫ್ ಮೈದಾನಗಳಲ್ಲಿ ಹಾಕುತ್ತಾರೆ, ಮಗುವಿನ ಹಾಗೆ ನೋಡಿಕೊಳ್ಳಬೇಕು ಎಂದೆಲ್ಲ ಹೇಳಿದ. ನಾವೆಲ್ಲ ಭಕ್ತಿಯಿಂದ ಕೇಳಿಸಿಕೊಂಡೆವು. ತೋಟದ ಕೆಲಸದ ಮುನಿಯಮ್ಮ ಬಗ್ಗಿ ಒಂದು ಎಳೆ ಕಿತ್ತು, ಬೆರಳಲ್ಲಿ ತಿರುಗಿಸಿ ನೋಡಿದಳು.

"ಅಯ್ಯೋ, ಇದು ಗರಿಕೆ ಅಲ್ವಾ ಸಾಮಿ? ಇದನ್ನ ಕೀಳಕ್ಕೆ ನಿಮ್ಮವ್ವ ನಂಗೆ ಕೂಲಿ ಕೊಡ್ತಿದ್ರು."

ಮಾತು ನಿಜವೇ ಆಗಿತ್ತು. ರಾಗಿಯ ಸಾಲಿನಲ್ಲಿ ಗರಿಕೆ ಕಂಡರೆ ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಣೇಶನ ಹಬ್ಬದ ದಿನ ಒಂದು ಹಿಡಿ, ಮಿಕ್ಕ ದಿನವೆಲ್ಲ ಬೇರುಸಮೇತ ಹೊರಗೆ. ಅವಳು ಆಯುಷ್ಯವೆಲ್ಲ ಕಿತ್ತು ಹಾಕಿದ ಹುಲ್ಲನ್ನು ನಾವು ಅದೇ ನೆಲದಲ್ಲಿ ಹಾಸಿ, ಸುತ್ತ ಹಗ್ಗ ಕಟ್ಟಿ, ಯಾರೂ ತುಳಿಯಬಾರದೆಂದು ಬೋರ್ಡು ನೆಟ್ಟೆವು.

ಮುನಿಯಮ್ಮನ ವಿಷಯ ಸ್ವಲ್ಪ ಹೇಳಬೇಕು. ಹೊಸ ಮದುವಣಗಿತ್ತಿಯಾಗಿ ಬಾಗಲಗುಂಟೆಗೆ ಬಂದಾಗಿನಿಂದ ನಮ್ಮ ಹೊಲದಲ್ಲಿ ಕಳೆ ಕಿತ್ತವಳು. ಈಗ ಅರವತ್ತು ದಾಟಿದೆ. ಹೊಲ ಕೈಬಿಡುವಾಗ ಅವ್ವ ಬಿಲ್ಡರನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿದ್ದಳು: ಇಲ್ಲಿ ಏನೇ ಕಟ್ಟು, ಗಿಡದ ಕೆಲಸ ಮುನಿಯಮ್ಮನದು, ಅವಳಿಗೆ ಕೈಲಾಗುವವರೆಗೂ. ಅವನು ಆಗಲಿ ಎಂದ. ಅದನ್ನು ಯಾವ ಪತ್ರದಲ್ಲೂ ಬರೆಯಲಿಲ್ಲ. ಅವ್ವ ಹೋದಳು, ಬಿಲ್ಡರ್ ಬೇರೆ ಕಡೆ ಬೇರೆ ಕಾಡು, ಬೇರೆ ಸರೋವರ ಕಟ್ಟಲು ಹೋದ. ಆ ಮಾತನ್ನು ಕಿವಿಯಾರೆ ಕೇಳಿದವರಲ್ಲಿ ಇಲ್ಲಿ ಉಳಿದವನು ನಾನೊಬ್ಬನೇ.

ಇನ್ನು ನನ್ನ ವಿಷಯ. ಯಶವಂತಪುರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೆ. ಮೌರ್ಯರ ಕಾಲದ ನೀರಾವರಿಯ ಬಗ್ಗೆ ನಾನು ಒಂದು ಗಂಟೆ ನಿಲ್ಲದೆ ಮಾತಾಡಬಲ್ಲೆ. ಸಲಿಕೆ ಹಿಡಿಯಲು ಮಾತ್ರ ಬರುವುದಿಲ್ಲ. ಅಪ್ಪ ನನ್ನನ್ನು ಐದನೇ ಕ್ಲಾಸಿಗೇ ಆರ್.ಟಿ. ನಗರದ ಅತ್ತೆಯ ಮನೆಯಲ್ಲಿ ಬಿಟ್ಟು ಇಂಗ್ಲಿಷ್ ಶಾಲೆಗೆ ಸೇರಿಸಿದ. ಭಾನುವಾರ ಊರಿಗೆ ಬರುತ್ತಿದ್ದೆ, ಬಿಳಿ ಸಾಕ್ಸ್ ಹಾಕಿಕೊಂಡು. ಕೊಟ್ಟಿಗೆಯ ಗಂಜಲ ಕಲ್ಲು ಚರಂಡಿಯಲ್ಲಿ ಹರಿದು ಹೊರಗಿನ ಗುಂಡಿಗೆ ಬೀಳುತ್ತಿತ್ತು. ಆ ಚರಂಡಿ ದಾಟುವಾಗ ನಾನು ಕರವಸ್ತ್ರ ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಪ್ಯಾಂಟು ಎತ್ತಿಕೊಂಡು ಹಾರುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು "ಕಲೆಕ್ಟರ್ ಸಾಯೇಬ್ರು ಬಂದ್ರು, ದಾರಿ ಬಿಡ್ರಪ್ಪಾ" ಅನ್ನುತ್ತಿದ್ದಳು. ಅಂಗಳದ ದಾಸವಾಳಕ್ಕೆ ಅವಳು ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು, ಗುಂಡಿಯ ಗಂಜಲವನ್ನು ಒಂದು ಚೊಂಬಿನಷ್ಟು ತೆಗೆದು ದೊಡ್ಡ ಕೊಳಗದ ನೀರಿಗೆ ಬೆರೆಸಿ ಸಂಜೆ ಹೊತ್ತು ಬುಡಕ್ಕೆ ಬಿಡುತ್ತಿದ್ದಳು. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆದಿದ್ದು. ಆದರೆ ನನ್ನ ಕಣ್ಣು ಪುಸ್ತಕದೊಳಗಿತ್ತು, ಮೂಗು ಕರವಸ್ತ್ರದೊಳಗಿತ್ತು.

ಇಂಥ ನಾನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೃಷಿ ತಜ್ಞನಾದೆ. ಹೇಗೆ ಅಂತ ಕೇಳಿದರೆ, ನೇಗಿಲಿನಿಂದ. ಲಾಬಿಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಇದು ನಮ್ಮ ಸಾರ್ ಅವರ ಮನೆಯದು ಅನ್ನುತ್ತಿದ್ದರು. ಒಂದು ದಿನ ಕಾರ್ಯದರ್ಶಿ ಶೈಲಾ ಮೇಡಂ, ಸಂಜಯನಗರದಿಂದ ಇಲ್ಲಿಗೆ ಬಂದು ನೆಲೆಸಿದವರು, ತುಂಬ ಚುರುಕಿನ ಹೆಂಗಸು, ನನ್ನನ್ನು ಕರೆದು ಹಸಿರು ಸಮಿತಿ ಅಂತ ಒಂದನ್ನು ಮಾಡಿದ್ದೇವೆ, ನೀವೇ ಅಧ್ಯಕ್ಷರು ಅಂದರು. ಬಿ ಬ್ಲಾಕಿನ ಕಿರಣ್ ಎಂಬ ಹುಡುಗ, ಮನೆಯಿಂದಲೇ ಕೆಲಸ ಮಾಡುವವನು, ಚಪ್ಪಾಳೆ ತಟ್ಟಿದ.

"ಸಾರ್, ನಿಮ್ಮ ಬ್ಲಡ್ಡಲ್ಲೇ ಇದೆ ಬಿಡಿ. ನಾವೆಲ್ಲ ಯೂಟ್ಯೂಬ್ ನೋಡಿ ಕಲೀಬೇಕು."

ಇಲ್ಲಪ್ಪಾ, ನನಗೆ ಗೊತ್ತಿಲ್ಲ ಅನ್ನಬೇಕಿತ್ತು. ಮೂರೇ ಪದ. ನಾನು ಅನ್ನಲಿಲ್ಲ. ಬದಲಿಗೆ ಗಂಭೀರವಾಗಿ ತಲೆಯಾಡಿಸಿ, "ಮಣ್ಣನ್ನ ಮುಟ್ಟಿದ್ರೆ ಗೊತ್ತಾಗುತ್ತೆ" ಅಂದೆ. ಏನು ಗೊತ್ತಾಗುತ್ತದೆ ಎಂದು ಯಾರೂ ಕೇಳಲಿಲ್ಲ, ಅದು ನನ್ನ ಪುಣ್ಯ. ಮರುದಿನವೇ ಒಂದು ಹುಲ್ಲಿನ ಟೋಪಿ ಕೊಂಡುಕೊಂಡೆ. ಪದ್ಮಾ ಅದನ್ನು ನೋಡಿ, "ಬೆದರುಗೊಂಬೆಗೆ ತಂದ್ರಾ?" ಅಂದಳು.

ಸಮಿತಿಯ ಮೊದಲ ನಿರ್ಣಯ ದ್ರವಗೊಬ್ಬರ. ಯುಗಾದಿಯ ಸಂಭ್ರಮಕ್ಕೆ ಲಾನ್ ಹಸಿರಾಗಿ ಹೊಳೆಯಬೇಕು, ಫೋಟೋದಲ್ಲಿ ಚೆನ್ನಾಗಿ ಬರಬೇಕು. ಗಂಜಲ, ಬೆಲ್ಲ, ಕಡಲೆಹಿಟ್ಟು, ಮೀನಿನ ಸಾರ ಇಷ್ಟನ್ನೂ ಕೊಳೆಸಿ ಮಾಡಿದ ಕ್ಯಾನುಗಳು ಬಂದವು. ಮೀನು ಅಂದ ಕೂಡಲೇ ಎ ಬ್ಲಾಕಿನಲ್ಲಿ ಗಲಾಟೆಯಾಯಿತು. ಶುದ್ಧ ಸಸ್ಯಾಹಾರಿಗಳ ಲಾನ್ ಮೀನು ತಿನ್ನಬಹುದೇ ಎಂಬ ಚರ್ಚೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ನಡೆಯಿತು. ಕೊನೆಗೆ ಹುಲ್ಲಿನ ಅಭಿಪ್ರಾಯವನ್ನು ಯಾರೂ ಕೇಳದೆ, ಎ ಬ್ಲಾಕಿನ ಮುಂದಿನ ಪಟ್ಟಿಯನ್ನು ಬಿಟ್ಟು ಉಳಿದ ಕಡೆ ಹಾಕುವುದೆಂದು ತೀರ್ಮಾನವಾಯಿತು. ಆ ಪಟ್ಟಿ ಇವತ್ತಿಗೂ ಹಸಿರಾಗಿದೆ. ಅದಕ್ಕೆ ಕಾರಣ ಸಸ್ಯಾಹಾರ ಎಂದೇ ಅವರು ನಂಬಿದ್ದಾರೆ.

ಒಂದು ಕ್ಯಾನನ್ನು ನಾನು ಮನೆಗೆ ತಂದೆ, ಅಧ್ಯಯನಕ್ಕೆ. ಸೀಲು ಒಡೆದು ಮೂಸಿ ನೋಡಿ, ವಾಸನೆ ಬರುತ್ತದೆಂದು ಮುಚ್ಚಳವನ್ನು ಬಲವೆಲ್ಲ ಹಾಕಿ ಬಿಗಿದು, ಬಟ್ಟೆ ಒಗೆಯುವ ಜಾಗದಲ್ಲಿಟ್ಟೆ. ಒಳಗಿರುವುದು ಇನ್ನೂ ಹುಳಿಯುತ್ತಿರುವ ಪದಾರ್ಥ, ಗಾಳಿಗೆ ದಾರಿ ಬೇಕು ಎಂಬುದು ನನ್ನ ಅಧ್ಯಯನದಲ್ಲಿ ಬರಲಿಲ್ಲ. ಎರಡನೇ ದಿನಕ್ಕೆ ಕ್ಯಾನು ಪೂರಿಯ ಹಾಗೆ ಉಬ್ಬಿತು. ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಢಮ್ ಎಂದಿತು. ಮುಚ್ಚಳ ಚಾವಣಿಗೆ ಬಡಿದು ಬಿತ್ತು. ಒಗೆದು ಹರವಿದ್ದ ಬಟ್ಟೆಗಳೆಲ್ಲ ಪೋಷಕಾಂಶಗಳಿಂದ ಸಮೃದ್ಧವಾದವು. ಪದ್ಮಾ ಅನ್ನದ ತಟ್ಟೆ ಬಿಟ್ಟು ಎದ್ದು ಹೋಗಿ ನೋಡಿ ಬಂದು ಕೂತಳು. "ನಿಮ್ಮ ಬ್ಲಡ್ಡಲ್ಲಿ ಇದೆಯಂತಲ್ಲ, ಈಗ ನನ್ನ ಸೀರೇಲೂ ಇದೆ" ಎಂದಷ್ಟೇ ಹೇಳಿದಳು. ಅಷ್ಟಾದರೂ ನನಗೆ ಎಚ್ಚರ ಬರಲಿಲ್ಲ.

ಗೊಬ್ಬರ ಹಾಕುವ ದಿನ ಬಂತು. ಸಮಿತಿಯವರೆಲ್ಲ ದೋಸೆ ತಿಂದು ಕಾಫಿ ಕುಡಿದು ಕೆಳಗಿಳಿಯುವ ಹೊತ್ತಿಗೆ ಹನ್ನೊಂದು ಗಂಟೆ. ಮಾರ್ಚಿ ತಿಂಗಳ ಬಿಸಿಲು. ಮುನಿಯಮ್ಮ ಬೆಳಿಗ್ಗೆಯೇ ಒಂದು ನೀಲಿ ಡ್ರಮ್ಮಿನ ತುಂಬ ನೀರು ಹಿಡಿದು, ಪಕ್ಕದಲ್ಲೊಂದು ಮಗ್ಗು ಇಟ್ಟುಕೊಂಡು ಕಾಯುತ್ತಿದ್ದಳು.

"ಇಂಗೆ ಒಂದು ಮಗ್ಗು ಡ್ರಮ್ಮಿಗೆ ಆಕಿ ಕಲಸಾನ ಸಾಮಿ. ಸಂಜೆ ಬಿಸಿಲು ಇಳೀಲಿ. ಮೊದ್ಲು ನೆಲ ನೆನೆಸಿ, ಆಮ್ಯಾಕೆ ಬುಡಕ್ಕೆ ಬಿಡಾನ. ಎಲೆ ಮ್ಯಾಲೆ ಬ್ಯಾಡ. ನಾಳೆಗಂಟ ಮಕ್ಳು ಈ ಕಡೆ ಬರ್ಬಾರ್ದು."

ಚೀಟಿಯಲ್ಲಿದ್ದ ಅಷ್ಟನ್ನೂ ಓದು ಬಾರದ ಹೆಂಗಸು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ಕಿರಣ್ ನನ್ನ ಮುಖ ನೋಡಿದ. ಶೈಲಾ ಮೇಡಂ ನೋಡಿದರು. ಫೋನುಗಳು ಮೇಲೆದ್ದಿದ್ದವು. ರೈತನ ಮಗನಿಗೆ ಕೂಲಿಯವಳು ಪಾಠ ಹೇಳುತ್ತಿದ್ದಾಳೆ, ಇವನು ಏನನ್ನುತ್ತಾನೆ ಎಂದು ಎಲ್ಲರೂ ಕಾಯುತ್ತಿದ್ದಾರೆ ಅಂತ ನನಗನ್ನಿಸಿತು. ಯಾರಿಗೂ ಹಾಗನ್ನಿಸಿರಲಿಕ್ಕಿಲ್ಲ. ಅನ್ನಿಸಿದ್ದು ನನಗೆ.

"ನೀರು ಬೆರೆಸೋದು ಹಾಲಿನವನ ಕೆಲಸ ಮುನಿಯಮ್ಮ" ಅಂದೆ. ಎಲ್ಲರೂ ನಕ್ಕರು. ಮುನಿಯಮ್ಮ ಇನ್ನೂ ಏನೋ ಗೊಣಗಿದ ಹಾಗಿತ್ತು. ನಾನು ಟೋಪಿ ಸರಿ ಮಾಡಿಕೊಂಡು, ಕ್ಯಾನನ್ನೆತ್ತಿ, ಲಾನಿನ ಉದ್ದಕ್ಕೂ ಸುರಿಯುತ್ತಾ ನಡೆದೆ. ಕ್ರೋಟನ್ ಕುಂಡಗಳ ಮೇಲೂ ಕೆಂಪು ಹೂವಿನ ಕೇಪಳೆಯ ಬೇಲಿಯ ಮೇಲೂ ಧಾರಾಳವಾಗಿ ಸುರಿದೆ. ಅಪ್ಪಟ, ಗಟ್ಟಿ, ಒಂದು ತೊಟ್ಟು ನೀರು ಸೋಕದ ಗೊಬ್ಬರ. ಒಂದಾದ ಮೇಲೆ ಒಂದರಂತೆ ನಾಲ್ಕು ಕ್ಯಾನು. ಫೋಟೋಗಳು ಚೆನ್ನಾಗಿ ಬಂದವು.

ಸಂಜೆಯ ಹೊತ್ತಿಗೆ ಬಾಗಲಗುಂಟೆಯ ಬೆಕ್ಕುಗಳೆಲ್ಲ ನಮ್ಮ ಲಾನಿನಲ್ಲಿ ಸಭೆ ಸೇರಿದ್ದವು. ಅದು ಮೀನಿನ ಪ್ರಭಾವ. ಮೊದಲನೇ ಮಹಡಿಯವರು ಕಿಟಕಿ ಮುಚ್ಚಿಕೊಂಡರು. ನಾಲ್ಕನೇ ದಿನಕ್ಕೆ ಹುಲ್ಲು ಹಳದಿಯಾಯಿತು, ಅದೂ ಎಲ್ಲ ಕಡೆ ಅಲ್ಲ, ನಾನು ನಡೆದ ದಾರಿಯಲ್ಲಿ ಮಾತ್ರ. ಮೇಲಿನಿಂದ ನೋಡಿದರೆ ನಾನು ಎಲ್ಲಿ ತಿರುಗಿದೆ, ಎಲ್ಲಿ ಫೋಟೋಕ್ಕೆಂದು ನಿಂತೆ ಎಂಬುದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕ್ರೋಟನ್ ಎಲೆಗಳು ಅಂಚಿನಿಂದ ಸುಟ್ಟುಕೊಂಡು ಸುರುಳಿ ಸುತ್ತಿದವು. ಯುಗಾದಿಗೆ ಆರು ದಿನ ಬಾಕಿ ಇತ್ತು.

ಆ ಸಂಜೆ ಗುಂಪಿನಲ್ಲಿ ಶೈಲಾ ಮೇಡಂ ಅವರ ಸಂದೇಶ ಬಂತು. ತೋಟದ ಹೆಂಗಸು ಗೊಬ್ಬರ ಬೆರೆಸುವ ಪ್ರಮಾಣ ತಿಳಿಯದೆ ಹಾಳು ಮಾಡಿದ್ದಾಳೆ, ವಯಸ್ಸಾಗಿದೆ, ತರಬೇತಿ ಇಲ್ಲ, ಇನ್ನು ಮುಂದೆ ಒಂದು ಏಜೆನ್ಸಿಗೆ ವಹಿಸೋಣ, ಭಾನುವಾರ ಸಭೆ. ಸುರಿದವನು ನಾನು ಎಂಬುದನ್ನು ಎಲ್ಲರೂ ನೋಡಿದ್ದರು. ಆದರೆ ಕ್ಯಾನಿನೊಳಗೆ ಆಗಲೇ ನೀರು ಬೆರೆಸಿಟ್ಟಿರುತ್ತಾಳೆ, ಅದು ಅವಳ ಕೆಲಸ, ಸಾರ್ ಬರೀ ಸುರಿದರು ಎಂದು ಅವರು ತಿಳಿದಿದ್ದರು. ಮುನಿಯಮ್ಮನ ಮಾತಿಗೆ ಯಾರೂ ಕಿವಿಗೊಟ್ಟಿರಲಿಲ್ಲ, ನನ್ನ ಹಾಲಿನವನ ಮಾತು ಅವರಿಗೆ ಬರೀ ತಮಾಷೆಯಾಗಿ ಕೇಳಿಸಿತ್ತು.

ನಾನು ಉತ್ತರ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಕೊನೆಗೆ ಕೈಮುಗಿದ ಚಿತ್ರವೊಂದನ್ನು ಹಾಕಿದೆ. ಅದರಷ್ಟು ಅನುಕೂಲದ ವಸ್ತು ಬೇರೆ ಇಲ್ಲ, ಓದುವವರಿಗೆ ಬೇಕಾದ ಅರ್ಥ ಬರುತ್ತದೆ. ಏಜೆನ್ಸಿಗೆ ನನ್ನ ಒಪ್ಪಿಗೆ ಇದೆ ಎಂದು ಅವರು ಅರ್ಥ ಮಾಡಿಕೊಂಡರು. ಪದ್ಮಾ ಫೋನು ನೋಡಿದಳು, ನನ್ನನ್ನು ನೋಡಿದಳು, ಎದ್ದು ಒಳಗೆ ಹೋದಳು. ಅವ್ವ ಕೇಳಿ ಪಡೆದ ಒಂದೇ ಒಂದು ಮಾತನ್ನು ಮುರಿಯುವವನು ನಾನೇ ಆಗುತ್ತೇನೆ ಅಂತ ನನಗೆ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕ್ಲಬ್‌ಹೌಸಿನಲ್ಲಿ ಸಭೆ. ಮುನಿಯಮ್ಮನನ್ನೂ ಕರೆದಿದ್ದರು. ಕುರ್ಚಿಗಳು ಖಾಲಿ ಇದ್ದವು, ಅವಳು ಬಾಗಿಲ ಹತ್ತಿರ ನಿಂತಿದ್ದಳು. ಶೈಲಾ ಮೇಡಂ ಮಾತು ಶುರು ಮಾಡುವ ಮೊದಲೇ ನಾನು ಎದ್ದು ನಿಂತೆ. ತಪ್ಪು ನನ್ನದು, ನೀರು ಬೆರೆಸಬೇಡ ಅಂದವನು ನಾನು, ಬೆರೆಸಿಯೇ ಹಾಕಬೇಕು ಅಂತ ಅವಳು ಹೇಳಿದ್ದಳು ಎಂದೆ. ನಿಜ ಹೇಳಿದ ಮೇಲೆ ಜನ ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದು ತಯಾರಾಗಿಯೇ ಬಂದಿದ್ದೆ.

ಯಾರೂ ಸಿಟ್ಟಾಗಲಿಲ್ಲ. ಶೈಲಾ ಮೇಡಂ ಕಣ್ಣಲ್ಲಿ ನೀರು ಬಂತು.

"ಎಂಥ ದೊಡ್ಡ ಮನಸ್ಸು ಸಾರ್ ನಿಮ್ದು. ಅವಳ ಕೆಲಸ ಉಳಿಸೋಕೆ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದೀರಲ್ಲ."

"ಇಲ್ಲ ಮೇಡಂ, ನಿಜವಾಗ್ಲೂ ನಾನೇ. ನನಗೆ ಕೃಷಿ ಬರಲ್ಲ. ನಾನು ಯಾವತ್ತೂ ಹೊಲಕ್ಕೇ ಇಳಿದವನಲ್ಲ."

"ಗುರು, ಹಂಬಲ್‌ನೆಸ್ ನೋಡು" ಎಂದು ಕಿರಣ್ ಪಕ್ಕದವನಿಗೆ ಹೇಳಿದ. ಕೆಲವರು ಚಪ್ಪಾಳೆ ತಟ್ಟಿದರು. ನಿಮ್ಮಂಥವರಿಗೆ ನೀರು ಬೆರೆಸಬೇಕು ಅಂತ ಗೊತ್ತಿರಲ್ಲವೇ ಸಾರ್, ನಮ್ಮನ್ನು ನಂಬಿಸಬೇಡಿ ಎಂದು ಇನ್ನೊಬ್ಬರು ಪ್ರೀತಿಯಿಂದ ಗದರಿದರು. ನನ್ನ ಮೇಲಿನ ಗೌರವ ನಿಮಿಷ ನಿಮಿಷಕ್ಕೂ ಏರುತ್ತಿತ್ತು, ಮುನಿಯಮ್ಮನ ಕೆಲಸ ಹೋಗುತ್ತಲೇ ಇತ್ತು. ಅವಳಿಗೆ ಒಂದು ಶಾಲು ಹೊದಿಸಿ ಕಳಿಸೋಣ ಎಂಬಲ್ಲಿಗೆ ಮಾತು ಬಂದಾಗ ನನಗೆ ಬಾಗಿಲ ಮೇಲಿನ ಕ್ಯಾಮೆರಾ ಕಂಡಿತು. ಲಾನಿನ ಕಡೆಗೂ ಅಂಥದ್ದೊಂದು ಇದೆ, ಯಾರ ನಾಯಿ ಗಲೀಜು ಮಾಡುತ್ತದೆಂದು ಪತ್ತೆ ಹಚ್ಚಲು ಹಾಕಿಸಿದ್ದು.

"ಆ ದಿನದ ರೆಕಾರ್ಡಿಂಗ್ ಹಾಕಪ್ಪಾ ಕಿರಣ್" ಅಂದೆ.

ಗೋಡೆಯ ದೊಡ್ಡ ಟಿವಿಯಲ್ಲಿ ನಾನು ಕಾಣಿಸಿಕೊಂಡೆ, ಟೋಪಿಸಮೇತ. ಧ್ವನಿ ಇಲ್ಲ. ಮುನಿಯಮ್ಮ ಡ್ರಮ್ಮಿನ ಕಡೆ ಕೈ ತೋರಿಸುತ್ತಾಳೆ. ನಾನು ಏನೋ ಅನ್ನುತ್ತೇನೆ, ಎಲ್ಲರೂ ನಗುತ್ತಾರೆ. ನಾನು ಸೀಲು ಒಡೆಯದ ಕ್ಯಾನನ್ನು ಎತ್ತಿ ಮುಚ್ಚಳ ತಿರುಗಿಸುತ್ತೇನೆ. ಇಲ್ಲಿಯವರೆಗೆ ನನಗೆ ನೆನಪಿತ್ತು. ಮುಂದಿನದು ನೆನಪಿರಲಿಲ್ಲ. ಅವಳು ಗೊಣಗಲಿಲ್ಲ. ಬಂದು ನನ್ನ ಮುಂದೆ ನಿಂತಳು. ಕ್ಯಾನಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಅವಳ ಮುಖವನ್ನೂ ನೋಡದೆ, ಫೋಟೋ ತೆಗೆಯುವವರ ಕಡೆ ನಗುತ್ತಲೇ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿದೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ನಾನು ಸುರಿಯುತ್ತಾ ನಡೆದೆ.

ನಿಜ ಹೇಳುತ್ತೇನೆ, ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಯಾವತ್ತೂ ಆಗಿಲ್ಲ. ತಪ್ಪೊಪ್ಪಿಕೊಳ್ಳುವ ದೊಡ್ಡ ಮನುಷ್ಯನ ಪಾತ್ರಕ್ಕೆ ನಾನು ಸಿದ್ಧನಾಗಿ ಬಂದಿದ್ದೆ. ಟಿವಿಯಲ್ಲಿದ್ದವನು ಆ ಮನುಷ್ಯ ಅಲ್ಲ. ಕಿರಣ್ ಟಿವಿ ಆರಿಸಿದ. ಏಜೆನ್ಸಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಶೈಲಾ ಮೇಡಂ ಬಾಗಿಲ ಕಡೆ ತಿರುಗಿದರು.

"ಅಲ್ಲಮ್ಮಾ, ಇಷ್ಟೆಲ್ಲ ಆಗಿದೆ. ನೀನಾದ್ರೂ ಬಂದು ನಮಗೊಂದು ಮಾತು ಹೇಳ್ಬಾರ್ದಿತ್ತಾ?"

"ನಾನ್ ಏಳಿದ್ರೆ ನಂಬ್ತಿದ್ರಾ ತಾಯಿ?" ಎಂದಳು ಮುನಿಯಮ್ಮ. "ಇವ್ರು ಏಳಿದ್ರೇ ನೀವು ನಂಬಲಿಲ್ಲ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಉತ್ತರಕ್ಕೆ ಕಾಯಲೂ ಇಲ್ಲ. ಬಿಸಿಲು ಏರುವ ಮೊದಲು ನೀರು ಬಿಡಬೇಕು, ನೆಲದೊಳಗಿರುವ ಗೊಬ್ಬರದ ಉರಿಯೆಲ್ಲ ತೊಳೆದು ಹೋಗಬೇಕು, ಬೇರು ಇನ್ನೂ ಸತ್ತಿಲ್ಲ ಎನ್ನುತ್ತಾ ಹೊರಟಳು. ನಾನು ಹಿಂದೆಯೇ ಓಡಿದೆ. ಲಾನಿನ ಅಂಚಿನಲ್ಲಿ ಅವಳು ಪೈಪಿನ ಸುರುಳಿ ಬಿಡಿಸುತ್ತಿದ್ದಳು. ತಪ್ಪಾಯಿತು ಮುನಿಯಮ್ಮ ಎಂದೆ, ಪೈಪಿಗೆ ಕೈ ಚಾಚಿದೆ. ನಾನೇ ನೀರು ಬಿಡುತ್ತೇನೆ ಅಂದೆ.

ಅವಳು ಪೈಪು ಕೊಡಲಿಲ್ಲ.

"ಇವತ್ತು ನಿಂತ್ಕಂಡು ನೋಡಿ ಸಾಮಿ" ಎಂದಳು. "ಕೈ ಆಮ್ಯಾಕೆ ಆಕೀರಂತೆ."

ನಾನು ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಅವಳು ನೀರು ಬಿಡುವುದನ್ನು ನೋಡುತ್ತಾ ನಿಂತೆ.